ಹಳದಿ ಮದ್ದಿಗೆ ರಜೆ

ಈದ್ ಹಬ್ಬದ ದಿನ ಯಾವ ಜೀವಕ್ಕೂ ವಿಷ ಉಣಿಸಬಾರದು ಎಂದು ಸೀ ತಯ್ಯಬ್ ತೀರ್ಮಾನಿಸಿದ್ದು ಯಾರನ್ನೂ ಕೇಳಿ ಅಲ್ಲ. ಅವರು ಹಾಗೆಲ್ಲ ಕೇಳುವ ಜನವೂ ಅಲ್ಲ. ಟ್ಯೂನಿಸ್ ನಗರದ ಗುಡ್ಡದ ಮೇಲಿನ ಆ ಸಂಶೋಧನಾಲಯಕ್ಕೆ ಅವರು ಕೆಲಸಕ್ಕೆ ಸೇರಿದಾಗ, ಈಗ ಅಲ್ಲಿ ಡಾಕ್ಟರೇಟಿಗೆ ದುಡಿಯುತ್ತಿರುವ ಬೇಯಾ ಇನ್ನೂ ಹುಟ್ಟಿರಲಿಲ್ಲ. ಮೊದಲು ಮೊಲಗಳನ್ನು ನೋಡಿಕೊಂಡರು, ಆಮೇಲೆ ಕುರಿಗಳನ್ನು, ಈಗ ವಯಸ್ಸಾದ ಮೇಲೆ ಗಾಜಿನ ಸೀಸೆಗಳಲ್ಲಿ ಬೆಳೆಯುವ ಜೀವಕೋಶಗಳನ್ನು. ಕಣ್ಣಿಗೆ ಕಾಣದ ಆ ಕೋಶಗಳನ್ನು ಅವರು ಮಕ್ಕಳು ಎಂದೇ ಕರೆಯುತ್ತಿದ್ದರು. ಮಕ್ಕಳಿಗೆ ಹೊಟ್ಟೆಗೆ ಹಾಕಿದೆಯಾ, ಮಕ್ಕಳಿಗೆ ಸೆಖೆಯಾಗುತ್ತಿದೆಯಾ ಎಂದು ಅವರು ವಿಚಾರಿಸುವುದನ್ನು ಕೇಳಿದ ಹೊಸಬರು, ಇವರಿಗೆ ಮನೆ ತುಂಬ ಸಂಸಾರವಿದೆ ಅಂದುಕೊಳ್ಳುತ್ತಿದ್ದರು. ಅವರು ಒಂಟಿ ಜೀವ.

ಬೇಯಾಳ ಸೀಸೆಗಳಲ್ಲಿದ್ದ ಮಕ್ಕಳು ಮಾತ್ರ ವಿಷ ಕುಡಿದೇ ಬೆಳೆದವು. ಎರಡು ವರ್ಷದಿಂದ ಅವಳು ಅವಕ್ಕೆ ಮೆಥೋಟ್ರೆಕ್ಸೇಟ್ ಎಂಬ ಹಳದಿ ಮದ್ದನ್ನು ಕುಡಿಸುತ್ತ ಬಂದಿದ್ದಳು. ಮೊದಲು ಒಂದು ಚೂರು. ಬಹುಪಾಲು ಸತ್ತವು. ಎಲ್ಲೋ ನಾಲ್ಕಾರು ಉಳಿದವು. ಅವೇ ನಿಧಾನವಾಗಿ ಹಬ್ಬಿ ಸೀಸೆಯ ತಳವನ್ನೆಲ್ಲ ಮುಚ್ಚಿಕೊಂಡ ಮೇಲೆ ಇನ್ನೊಂದು ಚೂರು ಹೆಚ್ಚು. ಮತ್ತೆ ಸಾವು, ಮತ್ತೆ ನಾಲ್ಕಾರರ ಉಳಿವು. ಹೀಗೆ ಏರಿಸುತ್ತ ಏರಿಸುತ್ತ, ಮೊದಲು ಯಾವ ಪ್ರಮಾಣ ಅವನ್ನು ನೆಲಸಮ ಮಾಡುತ್ತಿತ್ತೋ ಅದರ ನೂರಾರು ಪಟ್ಟು ಮದ್ದಿನಲ್ಲಿ ಅವು ಈಗ ಹಾಯಾಗಿ ಈಜಾಡಿಕೊಂಡಿದ್ದವು. ಗುಲಾಬಿ ಬಣ್ಣದ ಆಹಾರದ್ರವ, ಬೆಚ್ಚನೆಯ ಕತ್ತಲ ಪೆಟ್ಟಿಗೆ, ಒಳಗೆ ಮೈಯ ಶಾಖದಷ್ಟೇ ಶಾಖ. ಟ್ಯೂನಿಸಿನ ಬೇಸಿಗೆಯಲ್ಲಿ ಹೊರಗೂ ಅಷ್ಟೇ ಶಾಖ ಇರುತ್ತಿತ್ತು. ಮಧ್ಯಾಹ್ನ ಬೀದಿಗಿಳಿದರೆ ಬೇಯಾಗೆ ತಾನೂ ಯಾರೋ ಮುಚ್ಚಿಟ್ಟ ಪೆಟ್ಟಿಗೆಯೊಳಗೆ ನಡೆಯುತ್ತಿದ್ದೇನೆ, ಯಾರೋ ತನಗೂ ಆಗಾಗ ಬಂದು ಒಂದು ಚೂರು ಹೆಚ್ಚು ಹಾಕಿ ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು.

ಆ ಕೋಶಗಳು ಬದುಕಿದ ಗುಟ್ಟು ಇಷ್ಟೇ. ಆ ಮದ್ದು ಕೋಶದೊಳಗಿನ ಒಂದು ಯಂತ್ರದ ಬಾಯಿಗೆ ಬಿರಡೆ ಜಡಿಯುತ್ತದೆ. ಯಂತ್ರ ನಿಂತರೆ ಕೋಶ ಸಾಯುತ್ತದೆ. ಉಳಿದುಕೊಂಡ ಕೋಶಗಳು ಬಿರಡೆ ಕೀಳುವ ಗೋಜಿಗೆ ಹೋಗಿರಲಿಲ್ಲ. ಯಂತ್ರವನ್ನು ಮಾಡುವ ಬಗೆ ಯಾವ ಜೀನಿನಲ್ಲಿದೆಯೋ ಅದನ್ನೇ ಒಂದಕ್ಕೆ ಹತ್ತು, ಹತ್ತಕ್ಕೆ ನೂರು ನಕಲು ಮಾಡಿಕೊಂಡಿದ್ದವು. ಎಷ್ಟು ಬಿರಡೆ ಬಿದ್ದರೂ ಇನ್ನೊಂದಿಷ್ಟು ಯಂತ್ರಗಳು ಓಡುತ್ತಲೇ ಇರುತ್ತಿದ್ದವು.

ಇದೆಲ್ಲ ಬರೀ ಅವಳ ಪ್ರಬಂಧದ ವಿಷಯವಾಗಿದ್ದರೆ ಬೇಯಾ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ಆದರೆ ಅದೇ ಹಳದಿ ಮದ್ದು ವಾರಕ್ಕೊಮ್ಮೆ ಅವಳ ಅಕ್ಕ ಸುವಾದಳ ತೋಳಿಗೂ ಹೋಗುತ್ತಿತ್ತು. ಮೂಗಿನ ಹಿಂದೆ ಎಲ್ಲೋ ಹುಟ್ಟಿ ಕುತ್ತಿಗೆಗೆ ಇಳಿದು ಕೂತ ಗಡ್ಡೆ. ಆ ದೇಶದಲ್ಲಿ ಅದೇನು ಅಪರೂಪದ ಕಾಯಿಲೆಯಲ್ಲ. ಕಿರಣ ಕೊಟ್ಟಾಗಿತ್ತು. ಚಳಿಗಾಲದಲ್ಲಿ ಶುರು ಮಾಡಿದ ಮದ್ದಿಗೆ ಗಡ್ಡೆ ಮೊದಮೊದಲು ಮಂಜಿನಂತೆ ಕರಗಿತು. ಬಾದಾಮಿ ಹೂ ಬಿಡುವ ಹೊತ್ತಿಗೆ ಕರಗುವುದು ನಿಂತಿತು. ಏಪ್ರಿಲಿನಲ್ಲಿ ಮತ್ತೆ ಬೆಳೆಯತೊಡಗಿತು. ಅಕ್ಕನ ಕಿವಿಯ ಕೆಳಗೆ ಬೆರಳಿಟ್ಟು ನೋಡಿದ ದಿನ ಬೇಯಾಗೆ ತನ್ನ ಸೀಸೆಗಳೇ ಕೈಗೆ ತಾಕಿದಂತಾಯಿತು. ಅಲ್ಲಿಯೂ ಯಾರೋ ನಕಲು ಮಾಡಿಕೊಳ್ಳುತ್ತಿದ್ದರು.

ಡಾಕ್ಟರ್ ವಸೀಲಾ ಮದ್ದಿನ ಪ್ರಮಾಣ ಹೆಚ್ಚಿಸೋಣ ಎಂದರು. ಸುವಾದ್ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಕೂತಲ್ಲೇ ನೆಟ್ಟಗಾದಳು.

"ಬೇಸಿಗೆ ಮುಗಿಯೋತನಕ ಬೇಡ ಡಾಕ್ಟ್ರೇ. ಬಾಯೆಲ್ಲ ಹುಣ್ಣು. ಹರೀಸಾ ನಾಲಿಗೆಗೆ ತಾಕಿ ಎಷ್ಟು ಕಾಲ ಆಯ್ತು ಗೊತ್ತಾ ನಿಮಗೆ?"

"ಮೆಣಸಿನ ಚಟ್ನಿ ತಿನ್ನದೆ ಯಾರೂ ಸತ್ತಿಲ್ಲಮ್ಮ."

"ತಿನ್ನದೆ ಬದುಕಿರೋರು ಒಬ್ಬರನ್ನ ತೋರಿಸಿ. ನಮ್ಮೂರಲ್ಲಂತೂ ಇಲ್ಲ."

ಹೊರಗೆ ಆಸ್ಪತ್ರೆಯ ನೀಲಗಿರಿ ಮರದ ನೆರಳಿನಲ್ಲಿ ಬೇಯಾ ಅಕ್ಕನ ಜೊತೆ ಜಗಳಕ್ಕೇ ನಿಂತಳು. "ಮದ್ದು ನಿಲ್ಲಿಸಿದ್ರೆ ಅದಕ್ಕೆ ಹಬ್ಬ ಕಣಕ್ಕಾ! ಅದು ಬೆಳೀತಾ ಹೋಗತ್ತೆ. ಒಂದೊಂದು ವಾರಾನೂ ಲೆಕ್ಕ."

"ಮದ್ದು ತಗೊಂಡ್ರೂ ಬೆಳೀತಾ ಇದೆ. ಬೆಳೆಯೋದಾದ್ರೆ ನಾನು ಮೀನು ತಿಂದ್ಕೊಂಡಿರೋವಾಗ ಬೆಳೀಲಿ."

ಸುವಾದ್ ಹಟಕ್ಕೆ ಬಿದ್ದರೆ ಮುಗಿಯಿತು. ಮಹ್ದಿಯಾ ಊರಿನ ಹಳೆಯ ಮನೆಯಲ್ಲಿ ರೇಷ್ಮೆಯ ಮಗ್ಗದ ಮುಂದೆ ಕೂತೇ ಮೂವರು ವರರನ್ನು ನೋಡಿ, ಮೂವರನ್ನೂ ಬಾಗಿಲಿಂದಲೇ ಕಳಿಸಿದವಳು ಅವಳು. ಬೇಯಾ ಬಾಯಿ ಮುಚ್ಚಿಕೊಂಡು, ವರ್ಷದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ, ಅಕ್ಕನ ಜೊತೆ ಊರಿಗೆ ಹೊರಟಳು. ಅಕ್ಕನ ಕೊನೆಯ ಬೇಸಿಗೆ ಇದೇ ಇರಬಹುದು ಎಂಬ ಯೋಚನೆಯನ್ನು ಅವಳು ಯಾರ ಹತ್ತಿರವೂ ಹೇಳಲಿಲ್ಲ. ತನಗೆ ತಾನೂ ಪೂರ್ತಿ ಹೇಳಿಕೊಳ್ಳಲಿಲ್ಲ.

ಹೊರಡುವ ಮುನ್ನ ಸೀ ತಯ್ಯಬರನ್ನು ತಣ್ಣನೆ ಪೆಟ್ಟಿಗೆಯ ಮುಂದೆ ನಿಲ್ಲಿಸಿ ಪಾಠ ಹೇಳಿದಳು. ರಮ್ಜಾನಿನ ಕೊನೆಯ ದಿನಗಳು. ಕಚೇರಿಗೆ ಅರ್ಧ ದಿನ ಕೆಲಸ. ಇಬ್ಬರ ನಾಲಿಗೆಯೂ ಒಣಗಿ ಮರದ ಚಕ್ಕೆಯಾಗಿತ್ತು.

"ಎಡಗಡೆ ಸೀಸೆ, ಸೀ ತಯ್ಯಬ್. ಎಡಗಡೇದು. ಅದರಲ್ಲಿ ಮದ್ದಿದೆ. ನನ್ನ ಕೋಶಗಳಿಗೆ ಅದನ್ನೇ ಹಾಕ್ಬೇಕು. ಬಲಗಡೇದು ಬರೀ ಆಹಾರ, ಅದು ಬೇರೆಯವರದು."

"ಮಗಳೇ, ನೀನು ಹುಟ್ಟೋಕೆ ಮೊದ್ಲಿಂದ ನಾನು ಸೀಸೆ ಹಿಡಿದಿದ್ದೀನಿ. ಎಡ ಯಾವುದು ಬಲ ಯಾವುದು ಗೊತ್ತು. ಹೋಗು, ಅಕ್ಕನ್ನ ನೋಡ್ಕೋ."

ಅವರಿಗೆ ನಿಜವಾಗಿಯೂ ಗೊತ್ತಿತ್ತು. ಈದಿನ ಬೆಳಿಗ್ಗೆ ನಮಾಜು ಮುಗಿಸಿ, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ಕಿವಿಯ ಮೇಲೆ ಮಲ್ಲಿಗೆಯ ಪುಟ್ಟ ಗೊಂಚಲು ಸಿಕ್ಕಿಸಿಕೊಂಡು ಅವರು ನಿರ್ಜನ ಸಂಶೋಧನಾಲಯಕ್ಕೆ ಬಂದರು. ಬೀದಿಯ ಬೆಕ್ಕುಗಳಿಗೂ ಅಂದು ಯಾರೋ ಹಾಲಿಟ್ಟಿದ್ದರು. ಎಡಗಡೆಯ ಸೀಸೆಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಅಂದು ಉಪವಾಸವಿರುವುದೇ ತಪ್ಪು. ಇನ್ನು ತನ್ನ ಕೈಕೆಳಗಿನ ಜೀವಕ್ಕೆ ತಾನೇ ವಿಷ ಹಾಕುವುದೇ? ಬಲಗಡೆಯ ಸೀಸೆ ತೆಗೆದರು. ಮಕ್ಕಳಿಗೆ ಹಬ್ಬದೂಟವಾಯಿತು.

ಮಹ್ದಿಯಾದಲ್ಲಿ ದಿನಗಳಿಗೆ ಅಂಚು ಇರಲಿಲ್ಲ. ಕಡಲೊಳಕ್ಕೆ ಚಾಚಿದ ತೆಳ್ಳನೆಯ ನೆಲ, ಅದರ ತುದಿಯಲ್ಲಿ ಬಿಳಿ ಗೋರಿಗಳು, ಗೋರಿಗಳ ಕೆಳಗೇ ಈಜುವ ಹುಡುಗರು. ಎಲ್ಲಿ ನೋಡಿದರೂ ನೀರು ಮಿನುಗುತ್ತಿದ್ದುದರಿಂದ ಮನೆಯೊಳಗಿನ ಸುಣ್ಣದ ಗೋಡೆಗಳ ಮೇಲೂ ಬೆಳಕು ತುಳುಕಾಡುತ್ತಿತ್ತು. ಮಲಗಿದರೆ ನೀರಿನ ತಳದಲ್ಲಿ ಮಲಗಿದಂತೆ. ಕಿವಿ ಕೇಳದ ಚಿಕ್ಕಮ್ಮ ಜುಬೈದಾ ಅಂಗಳದಲ್ಲಿ ಕೂತು ಕೆಂಪು ಮೆಣಸಿನಕಾಯಿ ಒಣಹಾಕುತ್ತಿದ್ದಳು. ಎರಡನೆಯ ವಾರಕ್ಕೆ ಸುವಾದಳ ಬಾಯಿಯ ಹುಣ್ಣು ಮಾಯಿತು. ಬ್ರೆಡ್ಡಿನ ತುಂಡನ್ನು ಹರೀಸಾದಲ್ಲಿ ಅದ್ದಿ, ಮೇಲೆ ಆಲಿವ್ ಎಣ್ಣೆ ಹುಯ್ದು ಬಾಯಿಗಿಟ್ಟಾಗ ಅವಳ ಕಣ್ಣಲ್ಲಿ ನೀರು ಬಂತು.

"ಖಾರನಾ?" ಎಂದಳು ಬೇಯಾ.

"ಸುಮ್ನಿರೆ. ನಮಾಜು ಮಾಡೋರನ್ನ ಮಾತಾಡಿಸ್ಬಾರ್ದು."

ಮಧ್ಯಾಹ್ನದ ನಿದ್ದೆಯಲ್ಲಿ ಬೇಯಾಗೆ ಮತ್ತೆ ಮತ್ತೆ ಒಂದೇ ಕನಸು. ಕಡಲು ಗುಲಾಬಿಯಾಗಿದೆ, ರಕ್ತದಷ್ಟು ಬೆಚ್ಚಗಿದೆ. ಊರಿನ ಹೆಂಗಸರೆಲ್ಲ ಸೊಂಟದವರೆಗೆ ನೀರಿನಲ್ಲಿ ನಿಂತು ಬೊಗಸೆಯೊಡ್ಡಿದ್ದಾರೆ. ತನ್ನ ಎರಡು ಕೈಯಲ್ಲೂ ಎರಡು ಹೂಜಿ. ಯಾವುದರಲ್ಲಿ ಏನಿದೆ ತಿಳಿಯದು. ಸಾಲಿನಲ್ಲಿ ಸುವಾದಳೂ ಇದ್ದಾಳೆ, ಎಲ್ಲರಂತೆ ಬೊಗಸೆಯೊಡ್ಡಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಸರದಿ ಅವಳದು ಬರುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ಎಚ್ಚರವಾದರೆ ಪಕ್ಕದ ಕೋಣೆಯಲ್ಲಿ ಮಗ್ಗದ ಸದ್ದು. ಅಕ್ಕ ಬದುಕಿದ್ದಾಳೆ ಎಂದು ಕಿವಿಯೇ ಮೊದಲು ತಿಳಿದುಕೊಂಡು ಆಮೇಲೆ ಮೈಗೆ ಹೇಳುತ್ತಿತ್ತು.

ಒಂದು ದಿನ ಮಗ್ಗದ ಹಿಂದಿನಿಂದ ಸುವಾದ್ ಕೇಳಿದಳು. "ಅಲ್ಲ, ಆ ಇಲಿ ಕೋಶಗಳ ಕಥೆ ಏನು ನಿಂದು? ಸರಿಯಾಗಿ ಹೇಳು, ನನ್ನ ಕುತ್ತಿಗೇಲೂ ಅದೇ ನಡೀತಿದೆ ಅಂತೀಯ."

"ಇಲಿ ಅಲ್ಲಕ್ಕಾ, ಹ್ಯಾಮ್‌ಸ್ಟರ್."

"ಬಾಲ ಇದೆ ತಾನೆ?"

"ಗಿಡ್ಡ ಬಾಲ."

"ಹಾಗಾದ್ರೆ ಗಿಡ್ಡ ಬಾಲದ ಇಲಿ. ಮುಂದೆ ಹೇಳು."

ಬೇಯಾ ಮಗ್ಗದ ಮೇಲಿದ್ದ ಪಟ್ಟಿಯನ್ನೇ ತೋರಿಸಿ ಹೇಳಿದಳು. ಇಡೀ ಬಟ್ಟೆಯಲ್ಲಿ ಈ ಕೆಂಪು ಪಟ್ಟಿ ಒಂದೇ ಕಡೆ ಇರಬೇಕಾದ್ದು ಅಂದುಕೋ. ಮದ್ದು ಬಂದು ಆ ಪಟ್ಟಿಯನ್ನೇ ಕಚ್ಚಿ ಹರಿಯುತ್ತದೆ. ಆಗ ಕೋಶಗಳು ಅದೊಂದು ಪಟ್ಟಿಯನ್ನೇ ಮತ್ತೆ ಮತ್ತೆ ನೇಯುತ್ತವೆ. ಹರಿದಷ್ಟೂ ಹರಿಯಲಿ ಅಂತ ನೂರು ಪಟ್ಟಿ.

"ಅಷ್ಟೊಂದು ನೇಯ್ತಾ ಕೂತ್ರೆ ಸುಸ್ತಾಗಲ್ವಾ ಅವಕ್ಕೆ?"

"ಆಗತ್ತೆ. ಬೇರೆ ಕೋಶಗಳಿಗಿಂತ ನಿಧಾನ ಅವು. ಬೆಳಿಗ್ಗೆ ಎದ್ದೇಳೋದೇ ಇಲ್ಲ."

"ನಿನ್ನ ಹತ್ರ ಬೆಳೆದಿದ್ದಲ್ವಾ, ಇನ್ನು ಹ್ಯಾಗಿರ್ತವೆ."

ಇಬ್ಬರೂ ನಕ್ಕರು. ನಗುವಾಗ ಸುವಾದಳ ಕುತ್ತಿಗೆಯ ಗಡ್ಡೆ ಮೇಲೆ ಕೆಳಗೆ ಆಡುವುದನ್ನು ಬೇಯಾ ನೋಡಿದಳು. ಅದು ಬೇಸಿಗೆಯುದ್ದಕ್ಕೂ ಬೆಳೆಯುತ್ತಲೇ ಇತ್ತು, ಈಗ ಪುಟ್ಟ ನಿಂಬೆಯಷ್ಟು. ಸೆರಗು ಅದನ್ನು ಮುಚ್ಚುತ್ತಿತ್ತು, ಊರವರು ನೋಡದಂತಿದ್ದರು, ಬೇಯಾ ಮಾತ್ರ ಬೇರೇನನ್ನೂ ನೋಡುತ್ತಿರಲಿಲ್ಲ.

ಆಗಸ್ಟ್ ಮುಗಿಯುವಾಗ ಟ್ಯೂನಿಸಿಗೆ ಮರಳಿದವಳು ಮೊದಲು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕೋಶಗಳು ಮೈಕೈ ತುಂಬಿಕೊಂಡು, ಒತ್ತೊತ್ತಾಗಿ, ಹೊಳೆಯುತ್ತ ಹರಡಿಕೊಂಡಿದ್ದವು. ಎಷ್ಟು ಚೆನ್ನಾಗಿದ್ದವೆಂದರೆ ಅವಳಿಗೆ ಅನುಮಾನ ಬಂತು. ವಿಷ ಕುಡಿಯುವವರ ಮುಖದಲ್ಲಿ ಇಂಥ ಕಳೆ ಇರುವುದಿಲ್ಲ. ತಣ್ಣನೆ ಪೆಟ್ಟಿಗೆ ತೆರೆದಳು.

"ಸೀ ತಯ್ಯಬ್, ಎಡಗಡೆ ಸೀಸೆ ತುಂಬಿಕೊಂಡೇ ಇದೆ."

ಸೀ ತಯ್ಯಬ್ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಂಡವರಂತೆ ನಿಂತಿದ್ದರು. "ಹಬ್ಬದ ದಿನ ಕೈ ಬರಲಿಲ್ಲ, ಲಲ್ಲಾ ಬೇಯಾ." ಅವರು ಲಲ್ಲಾ ಎಂದು ಗೌರವ ಕೊಡುತ್ತಿದ್ದುದು ಹೆದರಿದಾಗ ಮಾತ್ರ.

"ಹಬ್ಬ ಒಂದು ದಿನ!"

"ಮೂರು ದಿನ ಮಾಡ್ತೀವಿ ನಾವು."

"ಎರಡು ತಿಂಗಳಾಯ್ತು!"

"ಆಮೇಲೆ ಎಲ್ಲರಿಗೂ ಬೇಸಿಗೆ ರಜೆ ಶುರುವಾಯ್ತಲ್ಲ. ಅವಕ್ಕೊಂದು ಯಾಕೆ ಬೇಡ ಅಂತ... ಈಗ ಕುರ್ಬಾನಿಯ ದೊಡ್ಡ ಈದ್ ಬೇರೆ ಹತ್ರ ಬಂತು. ಅದು ಕಳೀಲಿ, ಶುರು ಮಾಡೋಣ ಅಂತಿದ್ದೆ."

ಬೇಯಾ ಪೆಟ್ಟಿಗೆಯ ಬಾಗಿಲು ಮುಚ್ಚಿದಳು. ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಪ್ರಬಂಧಕ್ಕಾಗಿ ಅತ್ತಳು. ಅಕ್ಕನಿಗಾಗಿ ಬೇಸಿಗೆಯೆಲ್ಲ ತಡೆದಿಟ್ಟಿದ್ದದ್ದೂ ಅದರ ಜೊತೆಗೇ ಹರಿದು ಹೋಯಿತು. ಸೀ ತಯ್ಯಬ್ ಒಂದು ಲೋಟ ಪುದೀನಾ ಚಹಾ ತಂದು, ಹತ್ತಿರ ಇಡಲು ಧೈರ್ಯವಿಲ್ಲದೆ, ಕಿಟಕಿಯ ಮೇಲಿಟ್ಟು ಹೋದರು.

ಮರುದಿನ ಅವಳು ಕೋಶಗಳಿಗೆ ಹಳೆಯ ಪ್ರಮಾಣದಲ್ಲೇ ಮದ್ದು ಹಾಕಿದಳು. ಎರಡು ವರ್ಷ ಕಲಿತದ್ದು ಎರಡು ತಿಂಗಳಲ್ಲಿ ಎಲ್ಲಿ ಹೋಗುತ್ತದೆ, ಸ್ವಲ್ಪ ಕಷ್ಟಪಟ್ಟು ಹೊಂದಿಕೊಳ್ಳುತ್ತವೆ ಎಂದು ಧೈರ್ಯ ತಂದುಕೊಂಡಳು. ವಾರ ತುಂಬುವ ಮೊದಲೇ ಅವು ಸೀಸೆಯ ತಳದಿಂದ ಕಳಚಿಕೊಂಡವು. ಉರುಟಾಗಿ ಮುದುಡಿ, ಒಂದೊಂದಾಗಿ ತೇಲತೊಡಗಿದವು. ಗುಲಾಬಿ ದ್ರವದಲ್ಲಿ ಬಿಳಿಯ ಧೂಳು ನಿಧಾನವಾಗಿ ಸುತ್ತುತ್ತಿತ್ತು. ಬೇಯಾ ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಅವು ಮರೆತಿದ್ದವು. ಮದ್ದು ಇಲ್ಲದ ಕಾಲದಲ್ಲಿ ಆ ನೂರು ನಕಲುಗಳು ಬೇಡದ ಹೊರೆಯಾಗಿ, ಪೀಳಿಗೆಯಿಂದ ಪೀಳಿಗೆಗೆ ಒಂದೊಂದೇ ಬಿದ್ದು ಹೋಗಿದ್ದವು. ಹೊರೆ ಇಲ್ಲದವು ಬೇಗ ಬೇಗ ಹೆಚ್ಚಿ, ಹೊತ್ತುಕೊಂಡವನ್ನು ಹಿಂದೆ ಹಾಕಿದ್ದವು. ಈಗ ಸೀಸೆಯ ತುಂಬ ಇದ್ದದ್ದು ಮೊದಲಿನಂಥ ಮುಗ್ಧ ಕೋಶಗಳು. ಮೊದಲಿನಂತೆಯೇ ಸಾಯುವಂಥವು.

ಅವಳ ಪ್ರಬಂಧ ಸತ್ತುಹೋಗಿತ್ತು. ಅವಳು ನಗುತ್ತಿದ್ದಳು. ಬಾಗಿಲಲ್ಲಿ ಇಣುಕಿದ ಸೀ ತಯ್ಯಬ್, ಹುಡುಗಿಗೆ ತಲೆ ಕೆಟ್ಟಿತೆಂದು ಕೈಯೆತ್ತಿ ದೇವರನ್ನು ನೆನೆದರು.

"ಅಕ್ಕನೂ ಬೇಸಿಗೆಯೆಲ್ಲ ಮದ್ದು ಬಿಟ್ಟಿದ್ದಾಳೆ, ಸೀ ತಯ್ಯಬ್. ಅಕ್ಕನೂ ಬಿಟ್ಟಿದ್ದಾಳೆ!" ಎಂದು ಅವರ ಎರಡೂ ಕೆನ್ನೆಗೆ ಮುತ್ತು ಕೊಟ್ಟು ಅವಳು ಮೆಟ್ಟಿಲಿಳಿದು ಓಡಿದಳು.

ಡಾಕ್ಟರ್ ವಸೀಲಾ ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿದರು. "ಗಾಜಿನ ಸೀಸೆ ಬೇರೆ, ಮನುಷ್ಯರ ಮೈ ಬೇರೆ, ಬೇಯಾ."

"ಗೊತ್ತು ಮೇಡಂ."

"ಮದ್ದು ಬಿಡೋದೇ ಒಳ್ಳೇದು ಅಂತ ನಾನು ಯಾರಿಗೂ ಹೇಳಲ್ಲ. ಆದ್ರೆ ನಿನ್ನ ಅಕ್ಕ ನನ್ನ ಮಾತು ಕೇಳದೆ ಹೇಗೂ ಬಿಟ್ಟಿದ್ದಾಳೆ. ಬೇರೆ ಮದ್ದುಗಳು ಅವಳಿಗೆ ತಡ್ಕೊಳ್ಳೋಕಾಗಲ್ಲ. ಹಳೇ ಪ್ರಮಾಣದಲ್ಲೇ ಶುರು ಮಾಡಿ ನೋಡೋಣ. ಕರ್ಕೊಂಡು ಬಾ."

ದೊಡ್ಡ ಈದ್ ಕಳೆದ ಮೇಲೆ ಸುವಾದ್ ಬಂದಳು, ಚೀಲದಲ್ಲಿ ಒಂದು ಡಬ್ಬಿ ಹರೀಸಾ ಹೊತ್ತುಕೊಂಡು, ಹುಣ್ಣು ಮತ್ತೆ ಬರುವ ತನಕ ತಿನ್ನಲು. ಮೊದಲ ಚುಚ್ಚುಮದ್ದು ಹೋಯಿತು. ಎರಡನೆಯದು ಹೋಯಿತು. ಮೂರನೆಯ ವಾರ ಬೇಯಾ ಅಕ್ಕನ ಕಿವಿಯ ಕೆಳಗೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಗಡ್ಡೆ ಮೆತ್ತಗಾಗಿತ್ತು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಅದು ಆಲಿವ್ ಕಾಯಿಯಷ್ಟಾಯಿತು. ಡಾಕ್ಟರ್ ವಸೀಲಾ ಮೊದಲ ಸಲ ಸುವಾದಳ ಜೊತೆ ಜಗಳವಾಡಲಿಲ್ಲ. ಬೇಯಾ ನಡೆಯುತ್ತಿರಲಿಲ್ಲ, ತೇಲುತ್ತಿದ್ದಳು. ಟ್ರಾಮಿನಲ್ಲಿ ಗುರುತಿಲ್ಲದವರನ್ನು ನೋಡಿ ನಗುತ್ತಿದ್ದಳು. ಅಷ್ಟು ಸಂತೋಷ ಅವಳಿಗೆ ಅದಕ್ಕೆ ಮುಂಚೆ ಎಂದೂ ಆಗಿರಲಿಲ್ಲ.

ಆ ಸಂತೋಷದ ಮೊದಲ ದಿನಗಳಲ್ಲೇ ಒಂದು ಬೆಳಿಗ್ಗೆ, ಎಸೆಯಲೆಂದು ಬದಿಗಿಟ್ಟಿದ್ದ ಸತ್ತ ಸೀಸೆಯನ್ನು ಕೈಗೆತ್ತಿಕೊಂಡಳು. ಎಸೆಯಲು ಮನಸ್ಸಾಗದೆ ಅದಕ್ಕೂ ಆಗಾಗ ಮದ್ದು ಬೆರೆತ ಆಹಾರವನ್ನೇ ಬದಲಿಸುತ್ತ ಬಂದಿದ್ದಳು. ತಳದಲ್ಲಿ ಅಲ್ಲೊಂದು ಇಲ್ಲೊಂದು ಮಚ್ಚೆ ಕಂಡಿತು. ಸೂಕ್ಷ್ಮದರ್ಶಕದಡಿ ಇಟ್ಟಳು. ಖಾಲಿ ಕಡಲಿನ ನಡುವೆ ದ್ವೀಪಗಳು. ಒಂದೊಂದು ದ್ವೀಪದಲ್ಲೂ ಜೀವಂತ ಕೋಶಗಳು, ಹಳದಿ ಮದ್ದು ತಮಗೆ ಸಂಬಂಧಿಸಿದ್ದೇ ಅಲ್ಲ ಎಂಬಂತೆ.

ಅವನ್ನು ಬೇರೆ ಮಾಡಿ ಬೆಳೆಸಿದಳು. ವರ್ಣತಂತುಗಳನ್ನು ಹರಡಿ, ಬಣ್ಣ ಹಾಕಿ ನೋಡಿದಳು. ಬೇಸಿಗೆಗೆ ಮುಂಚೆ ಗಾಜುಪಟ್ಟಿಯ ಮೇಲೆ ಹರಡಿ ಇಟ್ಟಿದ್ದ ಹಳೆಯ ಕೋಶಗಳನ್ನೂ ಪಕ್ಕದಲ್ಲಿಟ್ಟಳು. ಹಳೆಯವುಗಳಲ್ಲಿ ವರ್ಣತಂತುಗಳ ಸುತ್ತ ಸಾಸಿವೆಯ ಪುಡಿಯಂತೆ ಜೋಡಿ ಜೋಡಿ ಚುಕ್ಕೆಗಳು ಚೆಲ್ಲಿದ್ದವು. ನಕಲುಗಳಿದ್ದದ್ದು ಅಲ್ಲಿ, ಯಾವುದಕ್ಕೂ ಅಂಟಿಕೊಳ್ಳದೆ. ಅದಕ್ಕೇ ಬಿದ್ದು ಹೋಗಿದ್ದವು. ದ್ವೀಪದವುಗಳಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಬದಲಿಗೆ ಒಂದು ವರ್ಣತಂತು ಮಾತ್ರ ಉಳಿದವುಗಳಿಗಿಂತ ವಿಕಾರವಾಗಿ ಉದ್ದವಾಗಿತ್ತು. ಈ ಕೋಶಗಳು ನೂರು ನಕಲನ್ನೂ ಆ ವರ್ಣತಂತುವಿನೊಳಗೇ ಹೆಣೆದುಕೊಂಡಿದ್ದವು. ಮದ್ದಿಲ್ಲದ ಆಹಾರದಲ್ಲಿ ವಾರಗಟ್ಟಲೆ ಬಿಟ್ಟು ಮತ್ತೆ ಮದ್ದು ಹಾಕಿದಳು. ಅವು ಕದಲಲಿಲ್ಲ. ಎಷ್ಟು ಹಬ್ಬ ಕಳೆದರೂ ಇವು ಮರೆಯುವಂಥವಲ್ಲ.

ಅಕ್ಕನ ಕುತ್ತಿಗೆಯಲ್ಲಿ ಉಳಿದಿರುವ ಆ ಆಲಿವಿನಷ್ಟರಲ್ಲಿ ಯಾರಿದ್ದಾರೆ? ಇನ್ನೂ ಸಾಯಬೇಕಾದ ಮರೆತವರೋ, ಇವರೋ?

ಸೀ ತಯ್ಯಬ್ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ಅವಳಿಗೆ ಒಳ್ಳೇದು ಅರ್ಧ ಹೇಳು ಮಗಳೇ. ಇನ್ನರ್ಧ ದೇವರಿಗೆ ಬಿಡು."

"ನಿಮಗೆ ಗೊತ್ತಿಲ್ಲ ಅವಳು. ಮುಖ ನೋಡಿದ್ರೆ ಸಾಕು ಅವಳಿಗೆ."

"ಮುಖ ತೋರಿಸ್ಬೇಡ ಹಾಗಾದ್ರೆ."

ಅದನ್ನೇ ಮಾಡಿದಳು. ನವೆಂಬರ್ ಪೂರ್ತಿ ಅಕ್ಕನ ಜೊತೆ ಅವಸರ ಅವಸರವಾಗಿ ಮಾತಾಡಿದಳು, ಆಸ್ಪತ್ರೆಯಲ್ಲಿ ಹಿಂದೆ ನಿಂತಳು, ಭಾನುವಾರ ಊರಿಗೆ ಹೋಗಲು ಪುರುಸೊತ್ತಿಲ್ಲ ಎಂದಳು. ಗಡ್ಡೆ ಹಾಗೇ ಇತ್ತು. ಕರಗುತ್ತಲೂ ಇರಲಿಲ್ಲ, ಬೆಳೆಯುತ್ತಲೂ ಇರಲಿಲ್ಲ. ಡಿಸೆಂಬರಿನ ಒಂದು ಶನಿವಾರ ಸುವಾದ್ ಕಿರಾಣಿ ಅಂಗಡಿಯಿಂದ ಫೋನ್ ಮಾಡಿದಳು. "ನಾಳೆ ಬಾ. ಒಂದು ವಿಷಯ ಕೇಳ್ಬೇಕು, ಫೋನಲ್ಲಾಗಲ್ಲ."

ಮಹ್ದಿಯಾದ ಕಡಲು ಬೂದಿ ಬಣ್ಣಕ್ಕೆ ತಿರುಗಿತ್ತು. ಮನೆಯೊಳಗೆ ಬೆಳಕು ತುಳುಕುತ್ತಿರಲಿಲ್ಲ. ಸುವಾದ್ ಮಗ್ಗದ ಮುಂದೆ ಕೂತಿದ್ದಳು, ಆದರೆ ನೇಯುತ್ತಿರಲಿಲ್ಲ. ಮಗ್ಗ ಖಾಲಿ ಇತ್ತು.

"ಹಡಗುಕಟ್ಟೆಯ ಬೂರಾವಿ ಮನೆಯವರು ಬಂದಿದ್ರು. ಮಗಳ ಮದುವೆ ಬರೋ ಬೇಸಿಗೆ ಅಲ್ಲ, ಅದರ ಆಚೆ ಬೇಸಿಗೆ. ಮದುಮಗಳ ಪೂರ್ತಿ ಉಡುಪು ನಾನೇ ನೇಯ್ಬೇಕಂತೆ. ಚಿನ್ನದ ಎಳೆ, ರೇಷ್ಮೆ, ಎಲ್ಲ. ಇಂಥ ಕೆಲಸ ನನ್ನ ಕೈಗೆ ಬಂದಿದ್ದು ಇದೇ ಮೊದಲು ಕಣೆ." ಅವಳ ಮುಖ ಹುಡುಗಿಯಂತಾಗಿತ್ತು. "ಒಂದೂವರೆ ವರ್ಷದ ಕೆಲಸ. ನಾನು ಹಿಡಿದ ಬಟ್ಟೆಗೆ ಇನ್ನೊಬ್ಬರ ಕೈ ತಾಕಿಸಲ್ಲ, ನಿನಗೇ ಗೊತ್ತು. ಶುರು ಮಾಡಿದ್ರೆ ನಾನೇ ಮುಗಿಸ್ಬೇಕು. ಅದಕ್ಕೇ ನಾಳೆ ಹೇಳ್ತೀನಿ ಅಂದಿದ್ದೀನಿ. ಈಗ ನೀನು ಹೇಳು. ಒಪ್ಪಿಕೊಳ್ಲಾ, ಬೇಡ್ವಾ?"

ಬೇಯಾ ಬಾಗಿಲ ಹತ್ತಿರವೇ ನಿಂತಳು. "ಗಡ್ಡೆ ಎಷ್ಟು ಇಳಿದಿದೆ ನೋಡು. ಡಾಕ್ಟ್ರೂ ಖುಷಿಯಾಗಿದ್ದಾರೆ. ಆ ಕೋಶಗಳು ಮರೆತಿದ್ವು ಅಂದ್ನಲ್ಲ..."

"ಅದು ಕೇಳಿದ್ದೀನಿ. ಎರಡು ತಿಂಗಳಿಂದ ಅದನ್ನೇ ಹೇಳ್ತಿದ್ದೀಯ. ಇನ್ನರ್ಧ ಹೇಳು."

"ಇನ್ನರ್ಧ ಏನೂ ಇಲ್ಲಕ್ಕಾ."

"ಬೇಯಾ. ಇಲ್ಲಿ ನೋಡು."

ಬೇಯಾ ನೋಡಿದಳು. ಅಷ್ಟು ಸಾಕಾಯಿತು. ಆಮೇಲೆ ಎಲ್ಲವನ್ನೂ ಹೇಳಿದಳು: ಖಾ‍ಲಿ ಸೀಸೆಯ ದ್ವೀಪಗಳು, ಚೆಲ್ಲಿದ ಚುಕ್ಕೆಗಳು, ಉದ್ದವಾದ ಆ ಒಂದು ವರ್ಣತಂತು, ಮರೆಯದ ಕೋಶಗಳು. ನಿನ್ನ ಮೈಯಲ್ಲಿ ಯಾವುದಿದೆ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ ಎಂದಳು. ಗಡ್ಡೆ ಒಂದು ತಿಂಗಳಿಂದ ಕರಗದೆ ನಿಂತಿರುವುದು ನನಗೆ ಒಳ್ಳೆಯದಾಗಿ ಕಾಣುತ್ತಿಲ್ಲ ಎಂದಳು. ಹೇಳುತ್ತ ಹೇಳುತ್ತ ನೆಲದ ಮೇಲೆ ಕೂತುಬಿಟ್ಟಿದ್ದಳು.

ಅಂಗಳದಲ್ಲಿ ಚಿಕ್ಕಮ್ಮ ಏನನ್ನೋ ಕುಟ್ಟುತ್ತಿದ್ದಳು. ಸುವಾದ್ ಕೇಳಿದ್ದು ಒಂದೇ ಮಾತು.

"ಒಂದೂವರೆ ವರ್ಷ ಸಿಗತ್ತಾ?"

"ಗೊತ್ತಿಲ್ಲಕ್ಕಾ. ಸಿಗ್ಬಹುದು. ಅರ್ಧ ಸಿಗ್ಬಹುದು." ಬೇಯಾ ಅಕ್ಕನ ಮೊಣಕಾಲು ಹಿಡಿದಳು. "ಅವರಿಗೆ ಬೇಡ ಅಂದ್ಬಿಡು. ಇಷ್ಟು ದೊಡ್ಡದು ಬೇಡ. ಸುಮ್ನೆ ಹಾಯಾಗಿರು."

"ಹಾಯಾಗಿದ್ದು ಮಾಡೋದೇನು?"

ಸುವಾದ್ ಎದ್ದು ಮೂಲೆಯ ಪೆಟ್ಟಿಗೆಯಿಂದ ಹಸಿ ರೇಷ್ಮೆಯ ಲಡಿಯೊಂದನ್ನು ತೆಗೆದಳು. ಸೆರಗು ಜಾರಿ ಕುತ್ತಿಗೆ ಕಾಣುತ್ತಿತ್ತು, ಅವಳು ಮುಚ್ಚಿಕೊಳ್ಳಲಿಲ್ಲ. ಲಡಿಯನ್ನು ಬಿಚ್ಚಿ ತಂಗಿಯ ಎರಡೂ ಕೈಗೆ ತೊಡಿಸಿದಳು.

"ಒಪ್ಪಿಕೊಳ್ತೀನಿ," ಎಂದಳು. "ನೀನು ಪ್ರತಿ ಭಾನುವಾರ ಬಂದು ಕಲ್ತ್ಕೋ. ನನ್ನ ಕೈ ಎಲ್ಲಿ ನಿಲ್ಲತ್ತೋ ಅಲ್ಲಿಂದ ನೀನು."

"ನನಗೆ ಬರಲ್ಲ ಅಕ್ಕಾ. ಹಾಳು ಮಾಡ್ತೀನಿ."

"ಮಾಡು. ಮೊದಲು ಎಲ್ಲರೂ ಹಾಳು ಮಾಡ್ತಾರೆ. ಬಾ, ಏಳು, ಹೊತ್ತು ಹೋಗತ್ತೆ."

ಅವಳು ಮಗ್ಗದ ಹಲಗೆಯ ಮೇಲೆ ಒಂದಿಷ್ಟು ಸರಿದು ತಂಗಿಗೆ ಜಾಗ ಬಿಟ್ಟಳು.